ಹಳೆ ಕಾರಿನ ಬೋಲ್ಟಿಗೆ ಯಾವ ಲೇಪ?

ಫಿಯೆಟ್ 1100 ಇರಲಿ, ಮಾರ್ಕ್ 2 ಅಂಬಾಸಿಡರ್ ಇರಲಿ, ಒಮ್ಮೆ ಪೂರ್ತಿ ಬಿಚ್ಚಿದರೆ ಬಾಡಿ ತಗಡು ಕೆಲಸದವರ ಹತ್ತಿರ ಹೋಗುತ್ತದೆ, ಎಂಜಿನ್ ಮೆಕ್ಯಾನಿಕ್ಕಿನ ಹತ್ತಿರ, ಸೀಟು ಕುಶನ್ ಅಂಗಡಿಗೆ. ಮಾಲೀಕರ ಮನೆಯಲ್ಲೇ ಉಳಿಯುವುದು ನೂರಾರು ನಟ್ಟು, ಬೋಲ್ಟು, ವಾಷರ್, ಕ್ಲಾಂಪು, ಸ್ಪ್ರಿಂಗು, ಬ್ರಾಕೆಟ್ಟು, ಬಾಗಿಲಿನ ಕೀಲುಗಳು. ಗ್ರೀಸು, ಮಣ್ಣು, ತುಕ್ಕು ಒಟ್ಟಿಗೆ ಮೆತ್ತಿಕೊಂಡ ಈ ರಾಶಿಯನ್ನು ಏನು ಮಾಡಬೇಕು ಎಂಬುದಕ್ಕೆ ನಮ್ಮಲ್ಲಿ ಮೂರು ಉತ್ತರಗಳು ಚಾಲ್ತಿಯಲ್ಲಿವೆ. ಎಲ್ಲವನ್ನೂ ಗುಜರಿಗೆ ಹಾಕಿ ಹೊಸದು ತರುವುದು ಒಂದು. ಚೀಲಕ್ಕೆ ತುಂಬಿ ಪ್ಲೇಟಿಂಗ್ ಅಂಗಡಿಗೆ ಕೊಟ್ಟುಬಿಡುವುದು ಇನ್ನೊಂದು. ಮನೆಯಲ್ಲೇ ಒಂದೊಂದಾಗಿ ತೊಳೆದು, ತುಕ್ಕು ತೆಗೆದು, ಲೇಪ ಕೊಡುವುದು ಮೂರನೆಯದು. ನನ್ನ ಒಲವು ಮೂರನೆಯದರ ಕಡೆಗೆ. ಆದರೆ ಅದಕ್ಕೊಂದು ಗಡಿ ಇದೆ. ಬೋಲ್ಟು ಕಾರಿನಲ್ಲಿ ಯಾವ ಕೆಲಸ ಮಾಡುತ್ತದೆ, ಲೇಪಕ್ಕೆ ಬಳಸಿದ ನೀರು ಕೊನೆಗೆ ಎಲ್ಲಿಗೆ ಹೋಗಿ ಸೇರುತ್ತದೆ ಎಂಬ ಎರಡು ಪ್ರಶ್ನೆಗಳೇ ಆ ಗಡಿಯನ್ನು ಗುರುತಿಸುತ್ತವೆ.

ಹೊಸದು ತರುವವರ ವಾದವನ್ನು ಮೊದಲು ನೋಡೋಣ. ಅಂಗಡಿಯಲ್ಲಿ ಸ್ಟೇನ್‌ಲೆಸ್ ಸ್ಟೀಲ್ ಬೋಲ್ಟು ಕೈಗೆ ಸಿಗುವಾಗ ಹಳೆಯದನ್ನು ಉಜ್ಜುತ್ತಾ ಕೂರುವುದೇಕೆ ಎಂದು ಅವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆಯೇ. ಆದರೆ ಸಾಮಾನ್ಯವಾಗಿ ಸಿಗುವ ಎ2-70 ದರ್ಜೆಯ ಸ್ಟೇನ್‌ಲೆಸ್ ಬೋಲ್ಟಿನ ಎಳೆತದ ಬಲ 700 ಮೆಗಾಪಾಸ್ಕಲ್. ತಲೆಯ ಮೇಲೆ 8.8 ಎಂದು ಒತ್ತಿರುವ ಮಾಮೂಲಿ ಉಕ್ಕಿನ ಬೋಲ್ಟಿನದು 800. ಹೊಳೆಯುವ ಹೊಸ ಬೋಲ್ಟು ಹಳೆಯದಕ್ಕಿಂತ ದುರ್ಬಲವಾಗಿರಬಹುದು. ಸ್ಟೇನ್‌ಲೆಸ್ ನಟ್ಟು-ಬೋಲ್ಟು ಒಂದನ್ನೊಂದು ಕಚ್ಚಿ ಹಿಡಿದು ಜಾಮ್ ಆಗುವುದುಂಟು. ಅಲ್ಯೂಮಿನಿಯಂ ಭಾಗಕ್ಕೆ ಬಿಗಿದು ನೀರು ಸೋಕಿಸಿದರೆ ಅಲ್ಯೂಮಿನಿಯಮ್ಮೇ ಕರಗತೊಡಗುತ್ತದೆ.

ಮರೆಯದು, ಅಂದರೆ ಬೋಲ್ಟಿನ ಮೈಮೇಲಿನ ತಿರುಪಿನದು (ಥ್ರೆಡ್), ಇನ್ನೂ ದೊಡ್ಡ ತೊಡಕು. ಅಂಬಾಸಿಡರಿನ ಮೂಲ ಮಾರಿಸ್ ಆಕ್ಸ್‌ಫರ್ಡ್ ಸರಣಿ 3, ಇಂಚಿನ ಲೆಕ್ಕದ ಬ್ರಿಟಿಷ್ ಗಾಡಿ. ಫಿಯೆಟ್ ಇಟಲಿಯದು, ಮೆಟ್ರಿಕ್ ಲೆಕ್ಕದ್ದು. ಬ್ರಿಟನ್ನಿನ ಜೋಸೆಫ್ ವಿಟ್‌ವರ್ತ್ 1841ರಲ್ಲಿ ಮುಂದಿಟ್ಟ ಮರೆಯ ಕೋನ 55 ಡಿಗ್ರಿ. 1948ರಲ್ಲಿ ಬ್ರಿಟನ್, ಅಮೆರಿಕ, ಕೆನಡಾ ಮೂರೂ ಒಪ್ಪಿದ ಯೂನಿಫೈಡ್ ಮರೆಯದು 60 ಡಿಗ್ರಿ. 5/16 ಇಂಚಿನ ಬೋಲ್ಟಿನ ದಪ್ಪ 7.94 ಮಿಲಿಮೀಟರ್. ಅದನ್ನು 8 ಮಿಲಿಮೀಟರಿನ ನಟ್ಟಿಗೆ ಹಾಕಿದರೆ ಒಂದೆರಡು ಸುತ್ತು ಸಲೀಸಾಗಿ ಹೋಗಿ ನಂತರ ಕಚ್ಚಿಕೊಳ್ಳುತ್ತದೆ. ಅಲ್ಲಿ ಸ್ಪ್ಯಾನರಿಗೆ ಬಲ ಹಾಕಿದವರು ಅರವತ್ತು ವರ್ಷದ ಮರೆಯನ್ನು ಒಂದು ಗಳಿಗೆಯಲ್ಲಿ ಹಾಳುಮಾಡಿರುತ್ತಾರೆ. ಗಾಡಿಯ ಜೊತೆಗೇ ಹುಟ್ಟಿದ ಬೋಲ್ಟಿಗೆ ಈ ಅಪಾಯವಿಲ್ಲ. ಅದರ ತಲೆಯ ಮೇಲಿನ ಗುರುತೂ ಉಪಯುಕ್ತ: ಅಮೆರಿಕದ ಪದ್ಧತಿಯಲ್ಲಿ ಮೂರು ಗೆರೆ ಇದ್ದರೆ ಗ್ರೇಡ್ 5, ಆರು ಗೆರೆ ಇದ್ದರೆ ಗ್ರೇಡ್ 8. ಎಲ್ಲಿ ಎಷ್ಟು ಬಲದ ಬೋಲ್ಟು ಬೇಕೆಂದು ತಯಾರಕರು ಲೆಕ್ಕ ಹಾಕಿ ಬರೆದಿಟ್ಟ ಮಾಹಿತಿ ಅದು. ಗುಜರಿಗೆ ಹೋದರೆ ಮಾಹಿತಿಯೂ ಹೋಯಿತು. ಅದಕ್ಕೇ ಬಿಚ್ಚುವಾಗಲೇ ಫೋಟೊ ತೆಗೆದು, ಒಂದೊಂದು ಜಾಗದ್ದನ್ನು ಒಂದೊಂದು ಜಿಪ್ ಕವರಿಗೆ ಹಾಕಿ, ಒಳಗೆ ಚೀಟಿ ಇಡುವ ಬೇಸರದ ಕೆಲಸ ಮುಂದಿನ ಎಲ್ಲ ಕೆಲಸಕ್ಕಿಂತ ಮುಖ್ಯ.

ಇನ್ನು ಹೊಳಪು. ಹಳೆ ಗಾಡಿಗಳ ಮೆರವಣಿಗೆಯಲ್ಲಿ ಬಾನೆಟ್ ಎತ್ತಿ ನಿಲ್ಲಿಸಿದ ಕಾರುಗಳನ್ನು ನೋಡಿದಾಗ ನನಗೆ ಬೇಸರವಾಗುವುದು ಒಂದೇ ಕಾರಣಕ್ಕೆ: ಬ್ರಾಕೆಟ್ಟಿನಿಂದ ವಾಷರಿನವರೆಗೆ ಎಲ್ಲಕ್ಕೂ ಕ್ರೋಮ್. ಆ ಕಾರು ಕಾರ್ಖಾನೆಯಿಂದ ಹೊರಬಂದ ದಿನ ಹಾಗಿರಲಿಲ್ಲ. ಬಂಪರ್, ದೀಪದ ರಿಂಗು, ಬಾಗಿಲಿನ ಹಿಡಿ ಬಿಟ್ಟರೆ ಉಳಿದ ಚಿಕ್ಕ ಭಾಗಗಳೆಲ್ಲ ಮಂಕು ಬೂದು, ಮಂಕು ಕಪ್ಪು, ಇಲ್ಲವೇ ತಿಳಿ ಹಳದಿ. ಕ್ರೋಮ್ ಲೇಪ ವ್ಯಾಪಾರಕ್ಕೆ ಬಂದಿದ್ದೇ 1920ರ ದಶಕದಲ್ಲಿ. ಅದಕ್ಕೆ ಮೊದಲಿನ ಕಾರುಗಳ ಹೊಳಪು ಹಿತ್ತಾಳೆಯದು, ನಿಕ್ಕಲಿನದು. ನಿಕ್ಕಲಿನ ಹೊಳಪಿನಲ್ಲಿ ಬೆಚ್ಚನೆಯ ಹಳದಿ ಛಾಯೆ ಇದೆ, ಕ್ರೋಮಿನದು ತಣ್ಣನೆಯ ನೀಲಿ. ಧರ್ಮಸ್ಥಳದ ಮಂಜೂಷಾ ಸಂಗ್ರಹಾಲಯದಲ್ಲೋ ಮೈಸೂರು ದಾರಿಯ ಪಯಣ ಸಂಗ್ರಹಾಲಯದಲ್ಲೋ ಹಳೆ ಕಾರುಗಳ ಮುಂದೆ ನಿಂತಾಗ ಮುಖದ ಗ್ರಿಲ್ ನೋಡಿದಷ್ಟೇ ಆಸೆಯಿಂದ ಅವುಗಳ ಬೋಲ್ಟುಗಳನ್ನೂ ನೋಡಬೇಕೆಂದು ನಾನು ಎಲ್ಲರಿಗೂ ಹೇಳುತ್ತೇನೆ. ಕೇಂದ್ರ ಸರ್ಕಾರ 2021ರ ಜುಲೈಯಲ್ಲಿ ತಂದ ವಿಂಟೇಜ್ ವಾಹನ ನೋಂದಣಿ ನಿಯಮವೂ 50 ವರ್ಷ ಮೀರಿದ, ಮೂಲ ರೂಪದಲ್ಲೇ ಉಳಿದ, ಭಾರಿ ಬದಲಾವಣೆಗೆ ಒಳಗಾಗದ ವಾಹನಗಳಿಗೇ ಮಾನ್ಯತೆ ಕೊಡುತ್ತದೆ. ಐತಿಹಾಸಿಕ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫಿವಾದ ಟ್ಯೂರಿನ್ ಚಾರ್ಟರ್ ಇನ್ನೂ ಮುಂದೆ ಹೋಗಿ, ಹೊಸದು ಮಾಡುವುದಕ್ಕಿಂತ ಇದ್ದುದನ್ನು ಉಳಿಸುವುದು ಮೇಲು ಎನ್ನುತ್ತದೆ. ಬೋಲ್ಟಿನ ಬಣ್ಣಕ್ಕಾಗಿ ಯಾರೂ ನೋಂದಣಿ ನಿರಾಕರಿಸಲಾರರು. ಆದರೂ ಮೂಲ ರೂಪ ಎನ್ನುವ ಮಾತಿಗೆ ಬೆಲೆ ಕೊಡುವವರು ಬೋಲ್ಟನ್ನು ಬಿಟ್ಟು ಲೆಕ್ಕ ಹಾಕಲಾಗದು.

ಮೂಲ ಲೇಪ ಯಾವುದೆಂದು ತಿಳಿಯುವ ಬಗೆ ಸರಳ. ಬೋಲ್ಟಿನ ತಲೆ ಬಿಸಿಲು-ಮಳೆಗೆ ಬಣ್ಣಗೆಟ್ಟಿರುತ್ತದೆ. ವಾಷರಿನ ಅಡಿ, ಬ್ರಾಕೆಟ್ಟಿನ ಒಳಮೈ, ರಬ್ಬರಿನ ಕೆಳಗೆ ಹುದುಗಿದ್ದ ಭಾಗ ಹಾಗೇ ಇರುತ್ತದೆ. ಸೀಮೆಎಣ್ಣೆಯಲ್ಲೋ ಡೀಸೆಲ್ಲಿನಲ್ಲೋ ಮೆತ್ತಗೆ ತೊಳೆದು ಅಲ್ಲಿ ನೋಡಬೇಕು. ಬೂದು-ಬಿಳಿ ಕಂಡರೆ ಬಹುಮಟ್ಟಿಗೆ ಜಿಂಕ್, ಅಂದರೆ ಸತು. ಕಾಮನಬಿಲ್ಲಿನಂತೆ ಬಣ್ಣ ಬದಲಿಸುವ ಹಳದಿ ಇದ್ದರೆ ಜಿಂಕ್ ಅಥವಾ ಕ್ಯಾಡ್ಮಿಯಂ ಮೇಲೆ ಕ್ರೋಮೇಟ್ ಕೊಟ್ಟಿದ್ದು. ಎಣ್ಣೆ ಹೀರಿದಂತಿರುವ ಮಂಕು ಕಪ್ಪು-ಬೂದು ಆದರೆ ಫಾಸ್ಫೇಟ್.

ಇಲ್ಲಿ ಕ್ಯಾಡ್ಮಿಯಂ ಬಗ್ಗೆ ನಿಂತು ಹೇಳಲೇಬೇಕು. ಯುದ್ಧಕಾಲದಿಂದ 1970ರ ದಶಕದವರೆಗಿನ ಕಾರುಗಳಲ್ಲಿ, ಬ್ರೇಕ್ ಮತ್ತು ಕಾರ್ಬ್ಯುರೇಟರಿನ ಚಿಕ್ಕ ಭಾಗಗಳಲ್ಲಿ ಅದು ಧಾರಾಳವಾಗಿ ಇತ್ತು. ತುಕ್ಕು ತಡೆಯುವುದರಲ್ಲೂ ಮರೆ ನುಣ್ಣಗೆ ಕೂರುವುದರಲ್ಲೂ ಅದಕ್ಕೆ ಸಾಟಿ ಇರಲಿಲ್ಲ. ಆದರೆ ಅದು ಶ್ವಾಸಕೋಶಕ್ಕೂ ಮೂತ್ರಪಿಂಡಕ್ಕೂ ವಿಷ, ಕ್ಯಾನ್ಸರ್ ತರಬಲ್ಲದ್ದು. ಜಪಾನಿನ ಜಿಂಜು ನದಿಯ ಬಯಲಿನಲ್ಲಿ ಗಣಿಯ ಕ್ಯಾಡ್ಮಿಯಂ ಗದ್ದೆಗೆ ಹರಿದು, ಆ ಅಕ್ಕಿ ಉಂಡವರ ಮೂಳೆಗಳೇ ಮೆದುವಾಗಿ ಮುರಿದವು. 1968ರಲ್ಲಿ ಅಲ್ಲಿನ ಸರ್ಕಾರ ಇದನ್ನು ಒಪ್ಪಿಕೊಂಡಿತು. ಯುರೋಪಿಯನ್ ಸಮುದಾಯ, ಅಂದರೆ ಇಂದಿನ ಯುರೋಪಿನ ಒಕ್ಕೂಟ, 1991ರಲ್ಲಿ ಈ ಲೇಪದ ಬಳಕೆಗೆ ಕಡಿವಾಣ ಹಾಕಿತು. 2000ದ ಮತ್ತೊಂದು ನಿರ್ದೇಶನ ಕಾರುಗಳಲ್ಲಿ ಸೀಸ, ಪಾದರಸ, ಕ್ಯಾಡ್ಮಿಯಂ, ಷಡ್ವೇಲೆನ್ಸಿ ಕ್ರೋಮಿಯಂ ನಾಲ್ಕನ್ನೂ ಹೊರಗಿಡಲು ಹೊರಟಿತು. ಕ್ಯಾಡ್ಮಿಯಂ ಯಾವುದು, ಹಳದಿ ಜಿಂಕ್ ಯಾವುದು ಎಂದು ಕಣ್ಣಳತೆಯಲ್ಲಿ ಖಚಿತ ಹೇಳಲಾಗದು. ಆದ್ದರಿಂದ ಹಳೆ ಕಾರಿನ ಹಳದಿ ಲೇಪದ ಯಾವ ತುಂಡನ್ನೂ ವೈರ್ ಬ್ರಷ್ ಚಕ್ರಕ್ಕೆ ಹಿಡಿಯಬಾರದು, ಒಣಗಿದ್ದಾಗ ಉಜ್ಜಬಾರದು, ಗ್ಯಾಸ್ ಟಾರ್ಚಿನಿಂದ ಕಾಯಿಸಬಾರದು. ಕ್ಯಾಡ್ಮಿಯಂ 321 ಡಿಗ್ರಿ ಸೆಲ್ಸಿಯಸ್‌ಗೇ ಕರಗುತ್ತದೆ. ಬಿಸಿ ಏರಿದಂತೆ ಎದ್ದ ಹೊಗೆ ಮಾರಕ. ಜಂಗು ಹಿಡಿದ ಬೋಲ್ಟಿಗೆ ಟಾರ್ಚ್ ಹಿಡಿಯುವುದು ನಮ್ಮ ಗ್ಯಾರೇಜುಗಳಲ್ಲಿ ದಿನನಿತ್ಯದ ಮಾತು. ಮೆಕ್ಯಾನಿಕ್ಕಿನ ಜೊತೆ ಇರುವ ಹುಡುಗರು ಮೂಗಿಗೆ ಕರವಸ್ತ್ರವೂ ಇಲ್ಲದೆ ಆ ಕೆಲಸ ಮಾಡುವುದನ್ನು ಕಂಡಾಗ ಎದೆ ನೋಯುತ್ತದೆ. ಅಂಥ ತುಂಡುಗಳ ಲೇಪ ಚೆನ್ನಾಗಿದ್ದರೆ ತೊಳೆದು, ಎಣ್ಣೆ ಸವರಿ, ಹಾಗೇ ಉಳಿಸುವುದೇ ಎಲ್ಲ ಲೆಕ್ಕದಲ್ಲೂ ಸರಿ.

ತುಕ್ಕು ತೆಗೆಯುವ ಕೆಲಸಕ್ಕೆ ನಮ್ಮ ಮನೆಗಳಲ್ಲೇ ಒಳ್ಳೆಯ ಸರಕಿದೆ. ಅಡುಗೆಯವರು ನಿಂಬೆ ಉಪ್ಪು ಎನ್ನುವ ಸಿಟ್ರಿಕ್ ಆಮ್ಲವನ್ನು ಲೀಟರಿಗೆ 50 ಗ್ರಾಂ ಕರಗಿಸಿ, ಜಿಡ್ಡು ತೆಗೆದ ಬೋಲ್ಟುಗಳನ್ನು ಮುಳುಗಿಸಿಟ್ಟರೆ ಹಗುರ ತುಕ್ಕು ಕೆಲವು ಗಂಟೆಗಳಲ್ಲಿ ಬಿಡುತ್ತದೆ. ಮರೆತು ಎರಡು ದಿನ ಬಿಟ್ಟರೆ ಉಕ್ಕೂ ಕರಗುತ್ತದೆ. ಅವಸರ ಇಲ್ಲದವರಿಗೆ ಕಾಕಂಬಿ ಇದೆ. ಸಕ್ಕರೆ ಕಾರ್ಖಾನೆಯ ಈ ಕಪ್ಪು ಪಾಕಕ್ಕೆ ಒಂಬತ್ತು-ಹತ್ತು ಪಾಲು ನೀರು ಬೆರೆಸಿ ವಾರ, ಎರಡು ವಾರ ಇಟ್ಟರೆ ಮರೆಯ ಸಂದಿನ ತುಕ್ಕು ಕೂಡ ಕರಗಿ ಹೋಗುತ್ತದೆ, ಒಳ್ಳೆಯ ಉಕ್ಕಿಗೆ ಏನೂ ಆಗದು. ವಾಸನೆ ಮಾತ್ರ ಹೇಳತೀರದು. ಹಿತ್ತಲಿನ ಮೂಲೆಯೇ ಅದಕ್ಕೆ ಜಾಗ. ಅಲ್ಯೂಮಿನಿಯಂ, ಸತುವಿನ ಎರಕದ ಭಾಗಗಳನ್ನು ಅದರ ಹತ್ತಿರವೂ ತರಬಾರದು. ಬಚ್ಚಲು ತೊಳೆಯಲು ಮಾರುವ ಹೈಡ್ರೋಕ್ಲೋರಿಕ್ ಆಸಿಡ್ಡನ್ನು ಹಲವರು ಬಳಸುತ್ತಾರೆ. ಕೆಲಸ ಬೇಗ ಆಗುವುದು ನಿಜ. ಅದರ ಆವಿ ಶೆಡ್ಡಿನಲ್ಲಿದ್ದ ಉಳಿದ ಉಪಕರಣಗಳಿಗೆಲ್ಲ ಮರುದಿನ ತುಕ್ಕು ಹಿಡಿಸುತ್ತದೆ, ಎಳೆದುಕೊಂಡ ಉಸಿರಿಗೂ ಕೇಡು. ನಾನಂತೂ ಅದನ್ನು ಯಾರಿಗೂ ಹೇಳುವುದಿಲ್ಲ.

ಭಾರಿ ತುಕ್ಕಿನ ದೊಡ್ಡ ಬ್ರಾಕೆಟ್ಟು, ಜಾಕು, ಕೀಲುಗಳಿಗೆ ವಿದ್ಯುತ್ತಿನ ಉಪಾಯ ಚೆನ್ನ. ಪ್ಲಾಸ್ಟಿಕ್ ಬಕೆಟ್ಟಿನ ನೀರಿಗೆ ನಾಲ್ಕೈದು ಲೀಟರಿಗೆ ಒಂದು ಚಮಚದಂತೆ ವಾಷಿಂಗ್ ಸೋಡಾ, 12 ವೋಲ್ಟಿನ ಬ್ಯಾಟರಿ ಚಾರ್ಜರು, ಒಂದು ಬೇಡದ ಕಬ್ಬಿಣದ ತಗಡು. ಭಾಗ ನೆಗೆಟಿವ್‌ಗೆ, ತಗಡು ಪಾಸಿಟಿವ್‌ಗೆ. ಭಾಗದ ಸುತ್ತ ಗುಳ್ಳೆಗಳೆದ್ದು ತುಕ್ಕು ಸಡಿಲವಾಗುತ್ತದೆ, ತಗಡು ಸವೆಯುತ್ತದೆ. ಗುಳ್ಳೆ ಎಂದರೆ ಜಲಜನಕ, ಕಿಡಿ ತಾಗಿದರೆ ಹೊತ್ತಿಕೊಳ್ಳುವ ಅನಿಲ. ಆದ್ದರಿಂದ ಬಯಲಿನಲ್ಲೇ ಮಾಡಬೇಕು, ಮೊದಲು ಕರೆಂಟ್ ಆರಿಸಿ ಆಮೇಲೆ ಕ್ಲಿಪ್ ತೆಗೆಯಬೇಕು. ಸೋಡಾ ಬದಲು ಅಡುಗೆ ಉಪ್ಪು ಹಾಕಿದರೆ ಕ್ಲೋರಿನ್ ಬರುತ್ತದೆ. ತಗಡು ಸವೆಯುತ್ತದಲ್ಲ ಎಂದು ಸ್ಟೇನ್‌ಲೆಸ್ ತಟ್ಟೆ ಇಳಿಬಿಡುವವರಿದ್ದಾರೆ. ಹಾಗೆ ಮಾಡಿದಾಗ ಅದರೊಳಗಿನ ಕ್ರೋಮಿಯಂ ಷಡ್ವೇಲೆನ್ಸಿ ರೂಪದಲ್ಲಿ ನೀರಿಗೆ ಇಳಿದು ನೀರು ಹಳದಿಯಾಗುತ್ತದೆ. ಕ್ಯಾನ್ಸರ್ ತರುವ ಪದಾರ್ಥವನ್ನು ಹಿತ್ತಲಲ್ಲಿ ಕೂತು ತಯಾರಿಸಿದಂತೆ ಅದು.

ಈಗ ಲೇಪ. ಮನೆಯಲ್ಲಿ ನೆಮ್ಮದಿಯಿಂದ ಮಾಡಬಹುದಾದವುಗಳಲ್ಲಿ ಸತುವಿನದೇ ಮೊದಲು, ಸತುವಿನದೇ ಮುಖ್ಯ. ಇದರ ಗುಣ ಮನೆಯ ಬೇರೆ ಲೇಪಗಳಿಗಿಲ್ಲ. ಬಣ್ಣ ಅಥವಾ ಕ್ರೋಮಿನಲ್ಲಿ ಗೀರು ಬಿದ್ದರೆ ಅಲ್ಲಿಂದ ತುಕ್ಕು ಶುರು. ಸತು ಕಬ್ಬಿಣಕ್ಕಿಂತ ಬೇಗ ಕರಗುವ ಲೋಹ. ಗೀರು ಬಿದ್ದರೂ ಅಕ್ಕಪಕ್ಕದ ಸತು ತಾನು ಸವೆಯುತ್ತಾ ಕಬ್ಬಿಣವನ್ನು ಕಾಯುತ್ತದೆ. ಉಕ್ಕಿನ ಮೈಯ ದೋಣಿಗಳಿಗೆ ನೀರಿನ ಅಡಿಯಲ್ಲಿ ಸತುವಿನ ಗಟ್ಟಿ ಬಿಗಿಯುವುದು ಇದೇ ಕಾರಣಕ್ಕೆ. ಮನೆಯ ಲೇಪಕ್ಕೂ ಅಂಥ ಗಟ್ಟಿ, ಇಲ್ಲವೇ ಶುದ್ಧ ಸತುವಿನ ಹಾಳೆ ಸಾಕು. ಹಳೆಯ ಟಾರ್ಚ್ ಸೆಲ್ಲಿನ ಸತುವಿನ ಹೊದಿಕೆ ಬಳಸುವವರಿದ್ದಾರೆ. ಹಳೆ ಸೆಲ್ಲುಗಳಲ್ಲಿ ಸೀಸ, ಪಾದರಸದ ಅಂಶ ಇರುತ್ತಿದ್ದುದರಿಂದ ನನಗದು ಸಮ್ಮತವಲ್ಲ.

ದ್ರಾವಣಕ್ಕೆ ಬೇಕಾದ್ದು ಬಿಳಿ ವಿನೆಗರ್, ಔಷಧಿ ಅಂಗಡಿಯ ಎಪ್ಸಮ್ ಉಪ್ಪು, ಒಂದಿಷ್ಟು ಸಕ್ಕರೆ. ಲೀಟರ್ ವಿನೆಗರಿಗೆ ಉಪ್ಪು 100 ಗ್ರಾಂ ಆಸುಪಾಸು. ವಿನೆಗರ್ ಸತುವನ್ನು ಕರಗಿಸಿಕೊಳ್ಳುತ್ತದೆ, ಉಪ್ಪು ವಿದ್ಯುತ್ ಹರಿಯಲು ದಾರಿ ಮಾಡುತ್ತದೆ, ಸಕ್ಕರೆ ಲೇಪದ ಕಣವನ್ನು ಸಣ್ಣದಾಗಿಸುತ್ತದೆ. ಸತುವನ್ನು ಒಂದು ರಾತ್ರಿ ಅದರಲ್ಲೇ ಬಿಟ್ಟರೆ ದ್ರಾವಣ ಹದಕ್ಕೆ ಬರುತ್ತದೆ. ಇಲ್ಲಿ ಸತು ಪಾಸಿಟಿವ್‌ಗೆ, ಬೋಲ್ಟು ನೆಗೆಟಿವ್‌ಗೆ.

ಎಷ್ಟು ಕರೆಂಟ್, ಎಷ್ಟು ಹೊತ್ತು ಎಂಬುದನ್ನು ಊಹೆಗೆ ಬಿಡಬೇಕಿಲ್ಲ. ಫ್ಯಾರಡೆ 1830ರ ದಶಕದಲ್ಲಿ ಹೇಳಿದ ನಿಯಮದ ಪ್ರಕಾರ 1 ಆಂಪಿಯರ್ ಒಂದು ಗಂಟೆ ಹರಿದರೆ 1.22 ಗ್ರಾಂ ಸತು ಕೂರುತ್ತದೆ. 8 ಮಿಲಿಮೀಟರ್ ದಪ್ಪದ, 30 ಮಿಲಿಮೀಟರ್ ಉದ್ದದ ಆರು ಬೋಲ್ಟುಗಳ ಒಟ್ಟು ಮೈ, ಮರೆಯ ಏರುತಗ್ಗು ಸೇರಿಸಿ, ಹೆಚ್ಚುಕಡಿಮೆ 1 ಚದರ ಡೆಸಿಮೀಟರ್. ಅಷ್ಟು ಮೈಗೆ 1 ಆಂಪಿಯರ್ ಕೊಟ್ಟರೆ ಗಂಟೆಗೆ 17 ಮೈಕ್ರಾನ್ ದಪ್ಪ ಏರಬೇಕು. ಕರೆಂಟಿನ ಒಂದು ಪಾಲು ಗುಳ್ಳೆ ಎಬ್ಬಿಸುವುದಕ್ಕೇ ಖರ್ಚಾಗುವುದರಿಂದ ವಾಸ್ತವದಲ್ಲಿ ಕಡಿಮೆ. ಬೋಲ್ಟಿಗೆ ಬೇಕಾದ್ದು 5ರಿಂದ 8 ಮೈಕ್ರಾನ್, ಅಂದರೆ ಅರ್ಧ-ಮುಕ್ಕಾಲು ಗಂಟೆಯ ಕೆಲಸ. ಜಾಸ್ತಿ ಹೊತ್ತು ಬಿಟ್ಟರೆ ಒಳ್ಳೆಯದೆಂದು ತಿಳಿಯಬಾರದು: 60 ಡಿಗ್ರಿಯ ಮರೆಯಲ್ಲಿ ಲೇಪದ ದಪ್ಪದ ನಾಲ್ಕು ಪಟ್ಟು ಮರೆಯ ವ್ಯಾಸಕ್ಕೆ ಸೇರುತ್ತದೆ. 8 ಮೈಕ್ರಾನ್ ಲೇಪಕ್ಕೆ 32 ಮೈಕ್ರಾನ್. ದಪ್ಪ ಮಾಡಿದ ಬೋಲ್ಟಿಗೆ ನಟ್ಟು ಹತ್ತುವುದಿಲ್ಲ.

ಬ್ಯಾಟರಿ ಚಾರ್ಜರನ್ನು ನೇರ ಜೋಡಿಸಿದರೆ ಕರೆಂಟ್ ಮಿತಿಮೀರಿ ಲೇಪ ಕಪ್ಪಗೆ, ಸ್ಪಂಜಿನಂತೆ ಉಬ್ಬಿ, ಉಗುರಿಗೇ ಎದ್ದು ಬರುತ್ತದೆ. ಅದಕ್ಕೆ ಕಾರಿನಲ್ಲೇ ಮದ್ದಿದೆ. ಇಂಡಿಕೇಟರಿನ 21 ವಾಟ್ ಬಲ್ಬನ್ನು ತಂತಿಯ ನಡುವೆ ಸೇರಿಸಿದರೆ 12 ವೋಲ್ಟಿಗೆ 1.75 ಆಂಪಿಯರಿಗಿಂತ ಹೆಚ್ಚು ಹರಿಯದು. ನಂಬರ್ ಪ್ಲೇಟಿನ ಚಿಕ್ಕ ಬಲ್ಬು ಹಾಕಿದರೆ ಇನ್ನೂ ಕಡಿಮೆ. ತಾಮ್ರದ ತಂತಿಗೆ ಕಟ್ಟಿ ಇಳಿಬಿಟ್ಟ ಬೋಲ್ಟಿನ ಮೇಲೆ ಸಾಸಿವೆಗಿಂತ ಸಣ್ಣ ಗುಳ್ಳೆಗಳು ಮೆಲ್ಲಗೆ ಏಳುತ್ತಿದ್ದರೆ ಹದ ಸರಿ. ಹತ್ತು ನಿಮಿಷಕ್ಕೊಮ್ಮೆ ತಿರುಗಿಸಿ ಕಟ್ಟಬೇಕು, ಸತು ತನಗೆ ಎದುರಾದ ಮೈಗೇ ಜಾಸ್ತಿ ಕೂರುತ್ತದೆ. ಹೊರತೆಗೆದಾಗ ಬೋಲ್ಟು ಸುಣ್ಣ ಬಳಿದ ಹಾಗೆ ಮಂಕಾಗಿ, ನಿರಾಸೆ ಹುಟ್ಟಿಸುವಂತಿರುತ್ತದೆ. ಹಿತ್ತಾಳೆ ಬ್ರಷ್ಷಿನಿಂದ ನೀರಿನಡಿ ಉಜ್ಜತೊಡಗಿದಂತೆ ಬೂದಿಯ ಅಡಿಯಿಂದ ಮೆತ್ತನೆಯ ಬೆಳ್ಳಿ ಬಣ್ಣ ಮೇಲೆ ಬರುತ್ತದೆ, ತಲೆಯ ಮೇಲೆ ಒತ್ತಿದ ಅಕ್ಷರಗಳು ಒಂದೊಂದಾಗಿ ಓದಲು ಸಿಗುತ್ತವೆ. ಹಳೆ ಕಾರಿನ ಕೆಲಸದಲ್ಲಿ ಇಷ್ಟು ಸಂತೋಷ ಕೊಡುವ ಗಳಿಗೆ ಹೆಚ್ಚಿಲ್ಲ. ಲೇಪ ಕೂರದೆ ಕಲೆಕಲೆಯಾದರೆ ದ್ರಾವಣವನ್ನು ದೂರಬೇಡಿ. ನೂರಕ್ಕೆ ತೊಂಬತ್ತು ಸಲ ಅದು ಉಳಿದುಹೋದ ಜಿಡ್ಡು. ತೊಳೆದ ಬೋಲ್ಟಿನ ಮೇಲೆ ನೀರು ಹನಿಹನಿಯಾಗದೆ ಹಾಳೆಯಂತೆ ಹರಡಬೇಕು, ಆಮೇಲೆ ಬೆರಳು ತಾಗಿಸಬಾರದು.

ಈ ಲೇಪಕ್ಕೆ ಎರಡು ಕೊರತೆಗಳಿವೆ. ಕಾರ್ಖಾನೆಯಲ್ಲಿ ಸತುವಿನ ಮೇಲೆ ಕ್ರೋಮೇಟಿನ ತೆಳು ಪದರ ಕೊಡುತ್ತಾರೆ, ಪ್ಲೇಟಿಂಗ್‌ನವರು ಪ್ಯಾಸಿವೇಶನ್ ಎನ್ನುವುದು ಇದನ್ನೇ. ಅದಿಲ್ಲದ ಸತು ಮಳೆಗಾಲದ ತೇವಕ್ಕೆ ಬಿಳಿ ಪುಡಿ ಕಟ್ಟುತ್ತದೆ. ಹಳೆಯ ಹಳದಿ ಬಣ್ಣ ಬೇಕೆಂದು ಡೈಕ್ರೋಮೇಟ್ ತಂದು ಮನೆಯಲ್ಲಿ ಅದ್ದುವವರಿಗೆ ನಾನು ಕೈಮುಗಿದು ಬೇಡ ಎನ್ನುತ್ತೇನೆ. ಅದೂ ಷಡ್ವೇಲೆನ್ಸಿ ಕ್ರೋಮಿಯಮ್ಮೇ. ತ್ರಿವೇಲೆನ್ಸಿ ಕ್ರೋಮಿಯಮ್ಮಿನ ಪ್ಯಾಸಿವೇಶನ್ ಇರುವ ಅಂಗಡಿಯಲ್ಲಿ ಹಳದಿ ಮಾಡಿಸಬಹುದು. ಮನೆಯ ಮಟ್ಟಿಗೆ ಮೇಣ ಅಥವಾ ತೆಳು ಎಣ್ಣೆ ಸವರಿ, ವರ್ಷಕ್ಕೊಮ್ಮೆ ಮತ್ತೆ ಸವರಿದರೆ ಸಾಕು.

ಎರಡನೆಯದು ಜೀವಕ್ಕೆ ಸಂಬಂಧಿಸಿದ್ದು. ಆಮ್ಲದಲ್ಲಿ ಅದ್ದಿದಾಗ, ಲೇಪ ಕೊಡುವಾಗ ಹುಟ್ಟುವ ಜಲಜನಕ ಗಡಸು ಉಕ್ಕಿನ ಒಳಹೊಕ್ಕು ಅದನ್ನು ಗಾಜಿನಂತೆ ಪೆಡಸು ಮಾಡುತ್ತದೆ. ಬಿಗಿದಾಗ ಸರಿಯಿದ್ದ ಬೋಲ್ಟು ಗಂಟೆಗಳ ಅಥವಾ ದಿನಗಳ ನಂತರ ಏನೂ ಮುನ್ಸೂಚನೆಯಿಲ್ಲದೆ ಕತ್ತರಿಸಿ ಬೀಳುತ್ತದೆ. ಕಾರ್ಖಾನೆಗಳು ಲೇಪವಾದ ನಾಲ್ಕು ಗಂಟೆಯೊಳಗೆ 190ರಿಂದ 220 ಡಿಗ್ರಿಯಲ್ಲಿ ಹಲವು ಗಂಟೆ ಕಾಯಿಸಿ ಜಲಜನಕವನ್ನು ಹೊರಗೆ ಓಡಿಸುತ್ತವೆ. ಮನೆಯ ಓವನ್ನಿನಲ್ಲಿ ಅದನ್ನು ಖಾತ್ರಿಯಾಗಿ ಮಾಡಲಾಗದು. ಹಾಗಾಗಿ 10.9, 12.9 ದರ್ಜೆಯ ಬೋಲ್ಟು, ಗ್ರೇಡ್ 8, ಸ್ಪ್ರಿಂಗು, ಸರ್ಕ್ಲಿಪ್ಪು ಇವುಗಳನ್ನು ಆಮ್ಲಕ್ಕೂ ಹಾಕಬಾರದು, ಲೇಪಕ್ಕೂ ಹಾಕಬಾರದು. ಎಣ್ಣೆ, ಕೈ ಬ್ರಷ್ಷು, ಬೇಕಿದ್ದರೆ ತೆಳು ಬಣ್ಣ, ಅಷ್ಟೇ. ಬ್ರೇಕ್, ಸ್ಟೇರಿಂಗ್, ಕನೆಕ್ಟಿಂಗ್ ರಾಡಿನ ಬೋಲ್ಟುಗಳ ವಿಷಯದಲ್ಲಿ ಹಳತನ್ನು ಉಳಿಸುವ ಆಸೆಯನ್ನೂ ಬಿಡಬೇಕು. ಸಂಶಯ ಬಂದ ಕೂಡಲೇ ಸರಿಯಾದ ದರ್ಜೆಯ ಹೊಸದು. ನೈಲಾನ್ ಲಾಕ್ ನಟ್ಟು, ಸ್ಪ್ಲಿಟ್ ಪಿನ್ನುಗಳನ್ನು ಮತ್ತೆ ಬಳಸುವುದು ಯಾವ ಕಾಲಕ್ಕೂ ಸಲ್ಲ.

ಮಂಕು ಕಪ್ಪಿನ ಭಾಗಗಳಿಗೆ, ಅಂದರೆ ಬಾನೆಟ್ಟಿನ ಲಾಚು, ಸೀಟಿನ ಹಳಿ, ಬಾಗಿಲಿನ ಕೀಲುಗಳಿಗೆ ಫಾಸ್ಫೇಟ್ ಒಪ್ಪುತ್ತದೆ. ಇಂಗ್ಲೆಂಡಿನ ಥಾಮಸ್ ಕೊಸ್ಲೆಟ್ 1906ರಲ್ಲಿ ಪೇಟೆಂಟ್ ಪಡೆದ ವಿಧಾನ, ಡೆಟ್ರಾಯಿಟಿನ ಪಾರ್ಕರ್ ಕಂಪನಿ 1915ರಿಂದ ಬೆಳೆಸಿ ಪಾರ್ಕರೈಸಿಂಗ್ ಎಂಬ ಹೆಸರು ತಂದುಕೊಟ್ಟಿತು. ತೆಳು ಫಾಸ್ಫಾರಿಕ್ ಆಮ್ಲಕ್ಕೆ ಮ್ಯಾಂಗನೀಸ್ ಡೈಆಕ್ಸೈಡ್, ಚೂರು ಸ್ಟೀಲ್ ವುಲ್ ಸೇರಿಸಿ 90 ಡಿಗ್ರಿಯ ಆಸುಪಾಸು ಕಾಯಿಸಿ, ಭಾಗ ಮುಳುಗಿಸಿ, ಗುಳ್ಳೆ ನಿಲ್ಲುವವರೆಗೆ ಕಾಯುವುದು. ಸ್ಟೇನ್‌ಲೆಸ್ ಪಾತ್ರೆ ಬೇಕು, ಆ ಪಾತ್ರೆ ಮತ್ತೆಂದೂ ಅಡುಗೆಮನೆಗೆ ಹೋಗಬಾರದು. ಬರುವ ಪದರ ತಾನಾಗಿ ತುಕ್ಕು ತಡೆಯುವುದಿಲ್ಲ. ಅದರ ಸಣ್ಣ ರಂಧ್ರಗಳು ಎಣ್ಣೆ ಹೀರಿ ಹಿಡಿದಿಟ್ಟುಕೊಳ್ಳುತ್ತವೆ, ತಡೆಯುವುದು ಆ ಎಣ್ಣೆ. ಬಣ್ಣದ ಅಡಿಗೂ ಇದಕ್ಕಿಂತ ಒಳ್ಳೆಯ ತಳಪಾಯ ಇಲ್ಲ. ಕೆಂಪಗೆ ಕಾಯುವ ಮುಂಚೆಯೇ, 300 ಡಿಗ್ರಿ ಹೊತ್ತಿಗೆ ನೀಲಿಗಟ್ಟಿದ ಉಕ್ಕನ್ನು ಎಣ್ಣೆಗೆ ಅದ್ದಿ ಕಪ್ಪು ಮಾಡುವ ಹಳೇ ಕಮ್ಮಾರಿಕೆಯ ವಿಧಾನ ಸಾಧಾರಣ ಕ್ಲಾಂಪು, ಕ್ಲಿಪ್ಪುಗಳಿಗೆ ಸಾಕು, ಹಳೆ ಲೇಪ ಒಂದಿಷ್ಟೂ ಉಳಿದಿರಬಾರದು ಎಂಬ ಷರತ್ತಿನ ಮೇಲೆ.

ಪೌಡರ್ ಕೋಟಿಂಗ್ ಈಗ ಊರೂರಿಗೂ ಬಂದಿದೆ. ಚೆಂದ, ಗಟ್ಟಿ, ದಪ್ಪ. ಆ ದಪ್ಪವೇ ತೊಂದರೆ. 60-80 ಮೈಕ್ರಾನಿನ ಪ್ಲಾಸ್ಟಿಕ್ ಪದರ ಬೋಲ್ಟಿನ ತಲೆಯಡಿ ಸಿಕ್ಕಿಕೊಂಡರೆ ಕಾಲಕ್ರಮೇಣ ನಲುಗಿ ಬಿಗಿತ ಸಡಿಲವಾಗುತ್ತದೆ. ಚಕ್ರದ ನಟ್ಟು ಕೂರುವ ಜಾಗಕ್ಕೆ ಅದು ಬರಲೇಬಾರದು, ಬಾಡಿಗೆ ಅರ್ತ್ ಕೊಡುವ ಬ್ರಾಕೆಟ್ಟಿನ ತೂತಿನ ಸುತ್ತಲೂ ಬರಬಾರದು.

ಇನ್ನುಳಿದದ್ದು ಕ್ರೋಮ್. ಅದು ಮನೆಯ ಕೆಲಸವೇ ಅಲ್ಲ. ಬಂಪರಿನ ಹೊಳಪು ಅಸಲಿಗೆ ತಾಮ್ರ ಮತ್ತು ನಿಕ್ಕಲಿನದು. ಮೇಲಿನ ಕ್ರೋಮ್ ಕಾಲು ಮೈಕ್ರಾನಿನಷ್ಟು ಮಾತ್ರ. ಆ ಕಾಲು ಮೈಕ್ರಾನಿಗಾಗಿ ಬಳಸುವ ಕ್ರೋಮಿಕ್ ಆಮ್ಲದ ತೊಟ್ಟಿ ಷಡ್ವೇಲೆನ್ಸಿ ಕ್ರೋಮಿಯಮ್ಮಿನ ಕಣಜ. ಪೀಣ್ಯ ಕೈಗಾರಿಕಾ ಪ್ರದೇಶದ ಅಂತರ್ಜಲದಲ್ಲಿ ಅದೇ ವಿಷ ಬೆರೆತಿರುವುದು ಬೆಂಗಳೂರಿನವರಿಗೆ ಹೊಸ ಸುದ್ದಿಯಲ್ಲ. ಅಗ್ಗದ ದರಕ್ಕೆ ಕ್ರೋಮ್ ಮಾಡಿಕೊಡುವ, ನೀರು ಶುದ್ಧೀಕರಣದ ವ್ಯವಸ್ಥೆ ಇಲ್ಲದ ಅಂಗಡಿಗೆ ನಮ್ಮ ಬಂಪರ್ ಕೊಟ್ಟರೆ ಅದರಲ್ಲಿ ನಮಗೂ ಪಾಲಿದೆ. ಪರವಾನಗಿ, ಶುದ್ಧೀಕರಣ ಘಟಕ ಇರುವವರನ್ನು ಹುಡುಕಿ, ನಾಲ್ಕು ಕಾಸು ಜಾಸ್ತಿ ಕೊಟ್ಟು, ಬಂಪರು, ದೀಪದ ರಿಂಗುಗಳಂಥ ಮೂಲದಲ್ಲೇ ಕ್ರೋಮ್ ಇದ್ದ ಭಾಗಗಳಿಗಷ್ಟೇ ಮಾಡಿಸುವುದು ನನಗೆ ತೋಚುವ ದಾರಿ. ಬಾಗಿಲಿನ ಹಿಡಿ, ಲಾಂಛನಗಳು ಬಹುಮಟ್ಟಿಗೆ ಸತುವಿನ ಮಿಶ್ರಲೋಹದ ಎರಕ. ಲೇಪದಡಿ ಗುಳಿ ಬಿದ್ದಿದ್ದರೆ ಆಮ್ಲದ ತೊಟ್ಟಿಯಲ್ಲಿ ಅರ್ಧ ಕರಗಿಯೇ ಹೋಗುತ್ತವೆ. ಅವು ಯಾವ ಲೋಹವೆಂದು ಅಂಗಡಿಯವರಿಗೆ ಮೊದಲೇ ಹೇಳಬೇಕು.

ಅಂಗಡಿಗೆ ಕೊಡುವುದು ತಪ್ಪೇನಲ್ಲ. 1996ರಲ್ಲಿ ಮುಚ್ಚಿದ ಮೈಸೂರಿನ ಐಡಿಯಲ್ ಜಾವಾದ ಬೈಕುಗಳನ್ನು ಇಂದಿಗೂ ಓಡಿಸುತ್ತಿರುವವರು ಹಾಗೂ ಅವರ ಬೆನ್ನಿಗಿರುವ ಪ್ಲೇಟಿಂಗ್‌ನವರು ಈ ಕಸುಬನ್ನು ನಮ್ಮಲ್ಲಿ ಜೀವಂತ ಇಟ್ಟಿದ್ದಾರೆ. ಕೊಡುವ ಮುಂಚೆ ಎಲ್ಲವನ್ನೂ ಹರವಿ ಎಣಿಸಿ ಫೋಟೊ ತೆಗೆಯಿರಿ; ತಿರುಗುವ ಡ್ರಮ್ಮಿನಲ್ಲಿ ಬೇರೆಯವರ ಸಾವಿರ ಬೋಲ್ಟಿನ ಜೊತೆ ನಿಮ್ಮ ಎರಡು ವಿಶೇಷ ಸ್ಕ್ರೂ ಕಳೆದುಹೋಗುವುದು ಸುಲಭ. ಚಿಕ್ಕವನ್ನು ತಂತಿಗೆ ಪೋಣಿಸಿ ಕೊಡುವುದು ವಾಸಿ. ತುಕ್ಕನ್ನು ಮನೆಯಲ್ಲೇ ತೆಗೆದು ಕೊಟ್ಟರೆ ಅವರು ಆಸಿಡ್ಡಿನಲ್ಲಿ ಹೆಚ್ಚು ಹೊತ್ತು ಬಿಡುವ ಪ್ರಸಂಗವೂ ತಪ್ಪುತ್ತದೆ. ಗಡಸು ಬೋಲ್ಟು ಇದ್ದರೆ ಜಲಜನಕ ತೆಗೆಯಲು ಕಾಯಿಸುತ್ತೀರಾ ಎಂದು ಕೇಳಿ. ಪ್ರಶ್ನೆಯೇ ಅರ್ಥವಾಗದಿದ್ದರೆ ಆ ಬೋಲ್ಟನ್ನು ವಾಪಸ್ ತನ್ನಿ.

ಮನೆಯ ದ್ರಾವಣಗಳ ಕೊನೆಯನ್ನೂ ನಾವೇ ನೋಡಿಕೊಳ್ಳಬೇಕು. ಲೇಪವಿಲ್ಲದ ಉಕ್ಕಿನ ತುಕ್ಕು ತೆಗೆದ ಸಿಟ್ರಿಕ್ ನೀರಿಗೆ ವಾಷಿಂಗ್ ಸೋಡಾ ಸೇರಿಸಿ ಹುಳಿ ಕಳೆಯಬಹುದು. ಸತುವಿನ ದ್ರಾವಣ ಹಾಗಲ್ಲ. ಸತು ಕೆರೆಯ ಮೀನಿಗೆ, ಜಲಜೀವಿಗಳಿಗೆ ವಿಷ. ನೊರೆ ನಿಲ್ಲುವವರೆಗೆ ವಾಷಿಂಗ್ ಸೋಡಾ ಹಾಕಿದರೆ ಸತು ಬಿಳಿ ಮಡ್ಡಿಯಾಗಿ ತಳಕ್ಕೆ ಇಳಿಯುತ್ತದೆ. ತಿಳಿನೀರು ಬಸಿದು, ಮಡ್ಡಿಯನ್ನು ಒಣಗಿಸಿ ಡಬ್ಬಿಯಲ್ಲಿ ಮುಚ್ಚಿಟ್ಟು, ಬಳಸಿ ಬಿಟ್ಟ ಬ್ಯಾಟರಿ, ಬಣ್ಣಗಳ ಜೊತೆ ಅಪಾಯಕಾರಿ ಕಸದವರಿಗೆ ಕೊಡಬೇಕು. ಹಳದಿ ಲೇಪದ ತುಂಡು ತೊಳೆದ ನೀರನ್ನು, ಅದರಲ್ಲಿ ಕ್ಯಾಡ್ಮಿಯಂ ಇದೆಯೆಂದೇ ಭಾವಿಸಿ, ಬೇರೆಯೇ ಇಡಬೇಕು. ಬಾವಿ ಇರುವ ಹಿತ್ತಲಿನಲ್ಲಿ ಒಂದು ಹನಿಯೂ ಮಣ್ಣಿಗೆ ಬೀಳಬಾರದು.

ಕೊನೆಗೆ ಜೋಡಣೆ. ಲೇಪವಾದ ಮರೆಯನ್ನು ಹೊಸ ಮರೆ ಕೊರೆಯುವ ಡೈಯಲ್ಲಿ ಸುತ್ತಬೇಡಿ, ಲೇಪವೂ ಉಕ್ಕೂ ಎರಡೂ ಕತ್ತರಿಸಿ ಬರುತ್ತವೆ. ಜೊತೆಯ ನಟ್ಟನ್ನೇ ಕೈಯಲ್ಲಿ ಎರಡು ಸಲ ಹತ್ತಿಸಿ ಇಳಿಸಿದರೆ ಸಾಕು. ಕೈಪಿಡಿಯ ಟಾರ್ಕ್ ಅಂಕಿ ಯಾವ ಸ್ಥಿತಿಯ ಮರೆಗೆ ಬರೆದದ್ದೆಂದು ನೋಡಿಕೊಳ್ಳಬೇಕು. ಒಣ ಮರೆಗೆ ಹೇಳಿದ ಟಾರ್ಕನ್ನು ಎಣ್ಣೆ ಹಚ್ಚಿದ ಮರೆಗೆ ಕೊಟ್ಟರೆ ಘರ್ಷಣೆ ಕಡಿಮೆಯಾಗಿ ಬೋಲ್ಟು ಮಿತಿಮೀರಿ ಎಳೆಯಲ್ಪಡುತ್ತದೆ. ಗಾಡಿ ಇರುವ ಊರೂ ಲೆಕ್ಕಕ್ಕೆ ಬರುತ್ತದೆ. ಕಲಬುರಗಿಯ ಒಣ ಹವೆಯಲ್ಲಿ ಮನೆಯ ಸತು, ಮೇಲೊಂದು ಕೈ ಎಣ್ಣೆ ವರ್ಷಗಟ್ಟಲೆ ನಡೆಯುತ್ತದೆ. ಮಂಗಳೂರು, ಕಾರವಾರದ ಉಪ್ಪುಗಾಳಿಗೆ ಅದು ಸಾಲದು. ಅಲ್ಲಿ ಚಾಸಿಯ ಅಡಿಯ ಬೋಲ್ಟುಗಳನ್ನು ಪ್ಯಾಸಿವೇಶನ್ ಇರುವ ಅಂಗಡಿಗೇ ಕೊಟ್ಟು, ಜೋಡಿಸಿದ ಮೇಲೆ ಮೇಣ ಹಚ್ಚಿ, ಮುಂಗಾರಿಗೆ ಮೊದಲೊಮ್ಮೆ, ದಸರೆ ಕಳೆದ ಮೇಲೊಮ್ಮೆ ಗಾಡಿಯ ಅಡಿಗೆ ಮಲಗಿ ಟಾರ್ಚ್ ಹಾಕಿ ನೋಡಬೇಕು. ಎಲ್ಲಾದರೂ ಬಿಳಿ ಪುಡಿ ಕಂಡರೆ ಸತು ತನ್ನ ಕೆಲಸ ಮಾಡುತ್ತಿದೆ ಎಂದರ್ಥ, ಒರೆಸಿ ಮೇಣ ಹಚ್ಚಿ. ಕೆಂಪು ಕಂಡರೆ ಆ ಬೋಲ್ಟನ್ನು ಬಿಚ್ಚಿ, ಮತ್ತೆ ನಿಂಬೆ ಉಪ್ಪಿನ ನೀರಿನಿಂದ ಶುರುಮಾಡಿ.